ಎನ್‌ಬಿಎಯಲ್ಲಿ ನಾಲ್ಕೇ ನಿಮಿಷ ಆಡಿದವರು: ಟಾಮ್ ಹೊವಾಸ್ ಪ್ರಕರಣ

2017ರ ಜುಲೈ 29. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ. ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಫೈನಲ್. ಒಂದು ಕಡೆ ಏಷ್ಯಾ ಟೂರ್ನಿಗೆ ಆಗಷ್ಟೇ ಕಾಲಿಟ್ಟಿದ್ದ ಆಸ್ಟ್ರೇಲಿಯಾ, ಇನ್ನೊಂದು ಕಡೆ ಜಪಾನ್. ಕೊನೆಗೆ ಬೋರ್ಡಿನ ಮೇಲೆ ಉಳಿದದ್ದು 74-73. ಒಂದೇ ಒಂದು ಅಂಕದಲ್ಲಿ ಜಪಾನ್ ಗೆದ್ದಿತ್ತು.

ನಮ್ಮವರ ಕಣ್ಣು ಬೇರೆ ಕಡೆ ಇತ್ತು, ಅದು ಸಹಜ. ಅದೇ ಟೂರ್ನಿಯ ಬಿ ವಿಭಾಗವನ್ನು ಭಾರತದ ಹುಡುಗಿಯರು ಗೆದ್ದು ಎ ವಿಭಾಗಕ್ಕೆ ಏರಿದ್ದರು. ಹಾಗಾಗಿ ಜಪಾನಿನ ಬೆಂಚ್ ಪಕ್ಕ ನಿಂತು ಕೂಗುತ್ತಿದ್ದ 203 ಸೆಂಟಿಮೀಟರ್ ಎತ್ತರದ ಬಿಳಿಯ ಮನುಷ್ಯನನ್ನು ಇಲ್ಲಿ ಹೆಚ್ಚು ಜನ ಗಮನಿಸಿರಲಿಕ್ಕಿಲ್ಲ. ಅವರ ಹೆಸರು ಟಾಮ್ ಹೊವಾಸ್. ಜಪಾನ್ ತಂಡದ ಮುಖ್ಯ ಕೋಚ್ ಆದ ಮೇಲೆ ಅವರು ಗೆದ್ದ ಮೊದಲ ಕಪ್ ಅದು. ಎರಡನೆಯದನ್ನೂ ಇದೇ ಕಂಠೀರವದಲ್ಲೇ ಗೆದ್ದರು. 2019ರ ಸೆಪ್ಟೆಂಬರ್‌ನಲ್ಲಿ, ಚೀನಾ ವಿರುದ್ಧ, 71-68. ಒಟ್ಟು ನಾಲ್ಕು ಅಂಕದ ಅಂತರದಲ್ಲಿ ಎರಡು ಏಷ್ಯಾ ಪಟ್ಟ, ಎರಡೂ ಕಬ್ಬನ್ ಪಾರ್ಕಿನ ಪಕ್ಕದಲ್ಲೇ.

ಇದು ಅವರ ಕಥೆ ಅನ್ನುವುದಕ್ಕಿಂತ ಅವರ ಪ್ರಕರಣ. ಪ್ರಶ್ನೆ ಸರಳವಾಗಿದೆ. ಜಪಾನಿನ ಕಂಪನಿ ತಂಡಗಳಲ್ಲಿ ಆಡಿ ಮುಗಿಸಿದ, ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಲೆಕ್ಕಕ್ಕೇ ಬಾರದಷ್ಟು ಆಡಿದ ಒಬ್ಬರು, ಕುಳ್ಳರ ತಂಡ ಅಂತಲೇ ಹೆಸರಾದ ಜಪಾನನ್ನು ಒಲಿಂಪಿಕ್ಸ್ ಫೈನಲ್‌ವರೆಗೆ ಹೇಗೆ ಕರೆದುಕೊಂಡು ಹೋದರು? ಅದೇ ಮದ್ದು ಪುರುಷರ ತಂಡದಲ್ಲಿ ಎಲ್ಲಿಯವರೆಗೆ ಕೆಲಸ ಮಾಡಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು?

ಹೊವಾಸ್ ಹುಟ್ಟಿದ್ದು 1967ರಲ್ಲಿ, ಅಮೆರಿಕದ ಕೊಲೊರಾಡೊದಲ್ಲಿ. ಕಾಲೇಜು ಆಟ ಪೆನ್ ಸ್ಟೇಟ್‌ನಲ್ಲಿ. ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. 1990ರಲ್ಲಿ ಜಪಾನಿಗೆ ಹೋಗಿ ಟೊಯೊಟಾ ತಂಡ ಸೇರಿದರು.

ಆಗಿನ ಜಪಾನಿ ಬಾಸ್ಕೆಟ್‌ಬಾಲ್ ಅಂದರೆ ಏನು ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಇವತ್ತಿನ ಬಿ.ಲೀಗ್ ಶುರುವಾಗಿದ್ದು 2016ರಲ್ಲಿ. ಅದಕ್ಕೂ ಮುಂಚೆ ದೊಡ್ಡ ತಂಡಗಳೆಲ್ಲ ಕಂಪನಿ ತಂಡಗಳು. ಟೊಯೊಟಾ, ಇಸುಜು, ತೊಶಿಬಾ, ಐಸಿನ್. ನಮ್ಮಲ್ಲಿ ಬ್ಯಾಂಕ್ ತಂಡ, ರೈಲ್ವೆ ತಂಡ ಇರುತ್ತವಲ್ಲ, ಹೆಚ್ಚುಕಡಿಮೆ ಹಾಗೇ. ಆಟಗಾರರು ಕಂಪನಿಯ ನೌಕರರು. ಹಗಲು ಆಫೀಸು, ಸಂಜೆ ಪ್ರಾಕ್ಟೀಸು. ಆಟ ಮುಗಿದ ಮೇಲೂ ಕಂಪನಿ ಕೈ ಬಿಡುವುದಿಲ್ಲ, ಮೇಜು ಕುರ್ಚಿ ಕಾದಿರುತ್ತದೆ. ಅಲ್ಲಿಗೆ ಬರುವ ವಿದೇಶಿ ಆಟಗಾರನ ಕೆಲಸ ಒಂದೇ: ರಿಂಗ್ ಕೆಳಗೆ ನಿಂತು ಎತ್ತರದಿಂದ ಅಂಕ ತರುವುದು. ಒಂದೆರಡು ಸೀಸನ್ ಆಡಿ ಊರಿಗೆ ವಾಪಸ್ ಹೋಗುವುದು.

ಹೊವಾಸ್ ಅಂಕವನ್ನೇನೋ ತಂದರು. ಒಂದಕ್ಕಿಂತ ಹೆಚ್ಚು ಸೀಸನ್‌ನಲ್ಲಿ ಲೀಗಿನ ಅತಿ ಹೆಚ್ಚು ಅಂಕ ಅವರದೇ. ಆದರೆ ಎರಡು ವಿಷಯದಲ್ಲಿ ಬೇರೆಯಾಗಿದ್ದರು. ಅಷ್ಟು ಎತ್ತರವಿದ್ದೂ ದೂರದಿಂದ ಹೊಡೆಯುವುದರಲ್ಲಿ ಪಳಗಿದ್ದರು. ಜೊತೆಗೆ ಜಪಾನಿ ಭಾಷೆ ಕಲಿತರು. ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ಮಾತು ಕಲಿಯುವ ಕಲಿಕೆ ಅಲ್ಲ, ಬೈಯುವಷ್ಟು, ಜೋಕ್ ಮಾಡುವಷ್ಟು. ಅಲ್ಲೇ ಮದುವೆಯಾದರು, ಅಲ್ಲೇ ನೆಲೆಸಿದರು.

ನಡುವೆ 1994-95ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡ ಅವರನ್ನು ತೆಗೆದುಕೊಂಡಿತು. ಎನ್‌ಬಿಎ! ಆಡಿದ್ದು ಎರಡು ಪಂದ್ಯ, ಒಟ್ಟು ನಾಲ್ಕು ನಿಮಿಷ. ಆಮೇಲೆ ಮತ್ತೆ ಜಪಾನ್. ಆಗ ಹಾಕ್ಸ್‌ನ ಕೋಚ್ ಲೆನ್ನಿ ವಿಲ್ಕೆನ್ಸ್. ಆಟಗಾರನಾಗಿಯೂ ಕೋಚ್ ಆಗಿಯೂ ಹಾಲ್ ಆಫ್ ಫೇಮ್ ಸೇರಿದ ಅಪರೂಪದ ವ್ಯಕ್ತಿ. ಅವರ ಬೆಂಚಿನ ತುದಿಯಲ್ಲಿ ಕೂತಿದ್ದ ಹೊವಾಸ್ ಅಲ್ಲಿ ಏನು ಕಲಿತರೋ ನನಗೆ ಹೇಳಲು ಬರುವುದಿಲ್ಲ. ಆದರೆ ಬೆಂಚಿನ ತುದಿಯಿಂದ ಆಟ ಹೇಗೆ ಕಾಣುತ್ತದೆ ಅನ್ನುವುದಂತೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2000ದ ಹೊತ್ತಿಗೆ ಆಟ ಮುಗಿಯಿತು. ಕೋಚಿಂಗ್‌ಗೆ ಬಂದದ್ದು 2010ರಲ್ಲಿ. ಅಂದರೆ ನಡುವೆ ಹತ್ತು ವರ್ಷ. ಬಂದದ್ದು ಕೂಡ ಮಹಿಳೆಯರ ತಂಡಕ್ಕೆ, ಸಹಾಯಕ ಕೋಚ್ ಆಗಿ. ಅದು ಜೆಎಕ್ಸ್ ಸನ್‌ಫ್ಲವರ್ಸ್, ಪೆಟ್ರೋಲಿಯಂ ಕಂಪನಿಯ ತಂಡ. ಜಪಾನಿನ ಮಹಿಳಾ ಲೀಗನ್ನು ಸತತ ಹನ್ನೊಂದು ವರ್ಷ ಗೆದ್ದು ಗುಡ್ಡೆ ಹಾಕಿದವರು. 193 ಸೆಂಟಿಮೀಟರ್‌ನ ತೊಕಾಶಿಕಿ ರಾಮು ಅಲ್ಲಿದ್ದರು. (ಜಪಾನಿ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು, ನಾನೂ ಹಾಗೇ ಬರೆಯುತ್ತಿದ್ದೇನೆ.) 2016ರಲ್ಲಿ ಹೊವಾಸ್ ಅದೇ ತಂಡದ ಮುಖ್ಯ ಕೋಚ್ ಆದರು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಕೂಡ ಆಗಿದ್ದರು. ರಿಯೊದಲ್ಲಿ ಜಪಾನ್ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಎದುರಿಗೆ ಸಿಕ್ಕಿದ್ದು ಅಮೆರಿಕ. ಸ್ಕೋರು 110-64.

ಐದು ತಿಂಗಳ ನಂತರ, 2017ರ ಜನವರಿಯಲ್ಲಿ, ಹೊವಾಸ್ ರಾಷ್ಟ್ರೀಯ ತಂಡದ ಮುಖ್ಯ ಕೋಚ್. ಮೊದಲ ಪತ್ರಿಕಾಗೋಷ್ಠಿಯಲ್ಲೇ ಒಂದು ಮಾತು ಹೇಳಿದರು: ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕ ಎದುರು ಆಡುತ್ತೇವೆ, ಚಿನ್ನ ಗೆಲ್ಲುತ್ತೇವೆ. 46 ಅಂಕದಿಂದ ಸೋತು ಬಂದ ತಂಡದ ಕೋಚ್ ಹೀಗೆ ಹೇಳಿದರೆ ಯಾರಿಗಾದರೂ ಮೊದಲು ಬರುವುದು ನಗುವೇ.

ಈಗ ವಿಧಾನದ ವಿಷಯಕ್ಕೆ ಬರೋಣ. ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ಜನ ಇದನ್ನು “ಬರೀ ತ್ರೀ ಹೊಡೆದರು” ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ.

ಬಾಸ್ಕೆಟ್‌ಬಾಲ್ ರಿಂಗ್ ಇರುವುದು ನೆಲದಿಂದ 3.05 ಮೀಟರ್ ಎತ್ತರದಲ್ಲಿ. ಹತ್ತಿರ ಹೋದಷ್ಟೂ ಎತ್ತರದವರಿಗೆ ಲಾಭ. ತ್ರೀ-ಪಾಯಿಂಟ್ ಗೆರೆ (ಅದರ ಹೊರಗಿನಿಂದ ಹಾಕಿದರೆ ಎರಡರ ಬದಲು ಮೂರು ಅಂಕ, ಅದೇ ತ್ರೀ) ಇರುವುದು 6.75 ಮೀಟರ್ ದೂರದಲ್ಲಿ. ಅಲ್ಲಿ ಎತ್ತರದ ಲಾಭ ಕಡಿಮೆಯಾಗುತ್ತದೆ. ಲೆಕ್ಕವೂ ಸರಳ. ಹತ್ತು ಸಲ ಹತ್ತಿರದಿಂದ ಹೊಡೆದು ಐದು ಹಾಕಿದರೆ ಹತ್ತು ಅಂಕ. ಹತ್ತು ಸಲ ದೂರದಿಂದ ಹೊಡೆದು ನಾಲ್ಕು ಹಾಕಿದರೆ ಹನ್ನೆರಡು. ಇಷ್ಟು ಎಲ್ಲರಿಗೂ ಗೊತ್ತು. ಹೊವಾಸ್ ಮಾಡಿದ್ದು ಇದರ ಮುಂದಿನ ಹೆಜ್ಜೆ. ಸೆಂಟರ್, ಅಂದರೆ ಸಾಮಾನ್ಯವಾಗಿ ರಿಂಗ್ ಕೆಳಗೆ ನಿಲ್ಲುವ ಉದ್ದನೆಯ ಆಟಗಾರ್ತಿ ಕೂಡ ಹೊರಗೆ ಬಂದು ನಿಲ್ಲಬೇಕು. ಐದೂ ಜನ ಗೆರೆಯ ಹೊರಗೆ, ಐದೂ ಜನ ಹೊಡೆಯಬಲ್ಲವರು. ಆಗ ಎದುರಾಳಿಯ ಉದ್ದನೆಯ ಸೆಂಟರ್ ಏನು ಮಾಡಬೇಕು? ರಿಂಗ್ ಕೆಳಗೆ ನಿಂತರೆ ಇವಳು ಹೊರಗಿನಿಂದ ಹಾಕುತ್ತಾಳೆ. ಹೊರಗೆ ಬಂದರೆ ರಿಂಗ್ ಕೆಳಗೆ ಬಯಲು. ಆ ಬಯಲಿಗೆ ಒಬ್ಬ ಪುಟ್ಟ ಹುಡುಗಿ ಚೆಂಡು ಹಿಡಿದು ನುಗ್ಗುತ್ತಾಳೆ. ಒಬ್ಬರು ತಡೆಯಲು ಬಂದರೆ ಯಾರನ್ನೋ ಬಿಟ್ಟು ಬಂದಿರುತ್ತಾರೆ. ಬಿಟ್ಟವಳಿಗೆ ಪಾಸು.

ಎತ್ತರವಿಲ್ಲದ ಕೊರತೆ ಡಿಫೆನ್ಸ್‌ನಲ್ಲೂ ಇರುತ್ತದೆ, ಅದನ್ನು ಶಾಟ್‌ನಿಂದ ಮುಚ್ಚಲಾಗುವುದಿಲ್ಲ. ಅದಕ್ಕೆ ಮದ್ದು ಓಟ. ಎದುರಾಳಿ ಚೆಂಡು ತರುವಾಗಲೇ ಮೇಲೆ ಬೀಳುವುದು, ಒಳಗೆ ಪಾಸ್ ಹೋಗದ ಹಾಗೆ ದಾರಿಯಲ್ಲೇ ಕೈ ಹಾಕುವುದು, ಹತ್ತು ಹನ್ನೆರಡು ಜನರನ್ನು ಸರದಿಯಲ್ಲಿ ಇಳಿಸಿ ಎದುರಿನವರ ಉಸಿರು ಕಟ್ಟಿಸುವುದು. ಇದಕ್ಕೆಲ್ಲ ಬೇಕಾದ ತಾಲೀಮು ಕಠಿಣ. ಮಹಿಳೆಯರ ತಂಡ ಎಷ್ಟೋ ವಾರ, ತಿಂಗಳುಗಟ್ಟಲೆ ಕ್ಯಾಂಪ್‌ನಲ್ಲಿ ಇರುತ್ತಿತ್ತು. ಆಟಗಾರ್ತಿಯರು ಕಂಪನಿ ತಂಡಗಳವರು, ಕಂಪನಿಗಳು ಬಿಟ್ಟುಕೊಟ್ಟವು. ಹೊವಾಸ್ ಬೆಳೆದ ಆ ಹಳೆಯ ಕಂಪನಿ ಪದ್ಧತಿಯೇ ಇಲ್ಲಿ ಅವರ ಕೈಗೆ ಸಮಯ ತಂದುಕೊಟ್ಟಿತು.

ಆದರೆ ನನ್ನ ಪ್ರಕಾರ ಈ ಪ್ರಕರಣದ ತಿರುಳು ಇರುವುದು ಶಾಟ್‌ನಲ್ಲಿ ಅಲ್ಲ. ಪಾಯಿಂಟ್ ಗಾರ್ಡ್ ಜಾಗದಲ್ಲಿ.

ಪಾಯಿಂಟ್ ಗಾರ್ಡ್ ಅಂದರೆ ಚೆಂಡು ತಂದು ಆಟ ನಡೆಸುವವಳು. 2017ರಲ್ಲಿ ಬೆಂಗಳೂರಿನಲ್ಲಿ ಆ ಜಾಗದಲ್ಲಿ ಮಿಂಚಿದ್ದು ಫುಜಿಓಕಾ ಮನಾಮಿ.  2019ರಲ್ಲಿ ಮತ್ತೆ ಬೆಂಗಳೂರು, ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೇ ಜಪಾನಿನ ಗಾರ್ಡ್‌ಗೆ. ಆದರೆ ಈ ಸಲ ಹೆಸರು ಬೇರೆ, ಮೊತೊಹಾಶಿ ನಾಕೊ. 2020ರ ಕೊನೆಗೆ ಮೊತೊಹಾಶಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. 2021ರಲ್ಲಿ ಟೋಕಿಯೊದಲ್ಲಿ ಆ ಜಾಗಕ್ಕೆ ಮೂರನೆಯವರು ಬಂದರು, ಮಚಿದಾ ರುಯಿ. ಇವರು ಏನು ಮಾಡಿದರು ಅನ್ನುವುದು ಮುಂದೆ ಬರುತ್ತದೆ. ನಾಲ್ಕು ವರ್ಷ, ಮೂರು ದೊಡ್ಡ ಟೂರ್ನಿ, ಮೂವರು ಬೇರೆ ಬೇರೆ ಗಾರ್ಡ್‌ಗಳು. ಮೂವರೂ ತಮ್ಮ ಜೀವನದ ಅತ್ಯುತ್ತಮ ಆಟ ಆಡಿದರು.

ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಹೊವಾಸ್ ಕಟ್ಟಿದ್ದು ಆಳನ್ನಲ್ಲ, ಜಾಗವನ್ನು. ಒಬ್ಬೊಬ್ಬರ ಕೆಲಸ ಏನು ಅಂತ ಗೆರೆ ಎಳೆದ ಹಾಗೆ ಹೇಳಿಬಿಡುತ್ತಾರೆ. ನೀನು ಹೊಡೆಯುವವಳು, ಖಾಲಿ ಸಿಕ್ಕಾಗ ಹೊಡೆಯದಿದ್ದರೆ ಬೈಗುಳ, ಹೊಡೆದು ತಪ್ಪಿದರೆ ಪರವಾಗಿಲ್ಲ. ನೀನು ಐದು ನಿಮಿಷ ಇಳಿಯುತ್ತೀಯ. ಆ ಐದು ನಿಮಿಷ ಎದುರಿನವಳು ಉಸಿರಾಡಬಾರದು. ಎನ್‌ಬಿಎಯಲ್ಲಿ ನಾಲ್ಕು ನಿಮಿಷ ಸಿಕ್ಕವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ಇಳಿದಾಗ ತನ್ನಿಂದ ಏನು ಬೇಕು ಅಂತ ಯಾರೂ ಹೇಳದೆ ಇದ್ದರೆ ಆ ನಾಲ್ಕು ನಿಮಿಷವೂ ದಂಡ. ದೊಡ್ಡ ಸ್ಟಾರ್ ಆಗಿದ್ದ ಎಷ್ಟೋ ಆಟಗಾರರು ಕೋಚ್ ಆಗಿ ಸೋಲುವುದು ಇಲ್ಲೇ. ತಮಗೆ ತಾನಾಗಿ ಬಂದದ್ದನ್ನು ಬೇರೆಯವರಿಗೆ ಬಿಡಿಸಿ ಹೇಳಲು ಅವರಿಗೆ ಬರುವುದಿಲ್ಲ. ಹೊವಾಸ್‌ಗೆ ಆ ತೊಂದರೆ ಇರಲಿಲ್ಲ. ಅವರಿಗೆ ಯಾವುದೂ ತಾನಾಗಿ ಬಂದಿರಲಿಲ್ಲ.

ಇದನ್ನು ಹೇಳುವುದು ಜಪಾನಿಯಲ್ಲೇ, ದುಭಾಷಿ ಇಲ್ಲದೆ. ಟೈಮ್‌ಔಟ್‌ನಲ್ಲಿ ಸಿಗುವುದು ಒಂದು ನಿಮಿಷ. ದುಭಾಷಿ ಇದ್ದರೆ ಅದರಲ್ಲಿ ಅರ್ಧ ಅವನಿಗೇ ಹೋಗುತ್ತದೆ, ಕೋಪವೂ ಆರಿಹೋಗುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊರೊನಾದಿಂದಾಗಿ ಪ್ರೇಕ್ಷಕರಿರಲಿಲ್ಲ. ಖಾಲಿ ಅರೀನಾದಲ್ಲಿ ಈ ಮನುಷ್ಯನ ಕೂಗು ಟಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಜಪಾನಿಗರಿಗೆ ಮಜಾ ಅನ್ನಿಸಿದ್ದು ಇನ್ನೊಂದು. ಮುಖ ಕೆಂಪಗೆ ಮಾಡಿಕೊಂಡು ರೇಗುತ್ತಾರೆ, ಆದರೆ ವಾಕ್ಯದ ಕೊನೆಗೆ ಮರ್ಯಾದೆಯ ರೂಪ ಬರುತ್ತದೆ. ನಮ್ಮಲ್ಲಿ ಒಬ್ಬರು ಗಂಟಲು ಹರಿಯುವ ಹಾಗೆ “ಏನ್ ಮಾಡ್ತಿದೀರಿ ತಾವು? ದಯವಿಟ್ಟು ಸರಿಮಾಡ್ಕೊಳ್ಳಿ!” ಅಂದ ಹಾಗೆ. ಆ ಟೈಮ್‌ಔಟ್ ವಿಡಿಯೊಗಳನ್ನು ಭಾಷೆ ಬಾರದೆಯೂ ನೋಡಬಹುದು. ಹುಡುಗಿಯರು ಹೆದರಿ ನೆಲ ನೋಡುತ್ತಿಲ್ಲ. ಅವರ ಮುಖವನ್ನೇ ನೋಡುತ್ತಿದ್ದಾರೆ, ತಲೆ ಆಡಿಸುತ್ತಿದ್ದಾರೆ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 2018ರ ವಿಶ್ವಕಪ್‌ನಲ್ಲಿ ಜಪಾನ್ 9ನೇ ಸ್ಥಾನಕ್ಕೆ ನಿಂತಿತು. 2020ರ ಡಿಸೆಂಬರ್‌ನಲ್ಲಿ ದೊಡ್ಡ ಪೆಟ್ಟು: ತಂಡದ ಒಬ್ಬಳೇ ನಿಜವಾದ ಉದ್ದನೆಯ ಆಟಗಾರ್ತಿ ತೊಕಾಶಿಕಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಗಿದ್ದರೂ ಅವರಿಗೆ ಗುಣವಾಗಲಿಲ್ಲ. ಹೊವಾಸ್ ಅವರನ್ನು ತಂಡಕ್ಕೆ ತೆಗೆದುಕೊಳ್ಳಲಿಲ್ಲ. ಈಗ ಸರಾಸರಿ ಎತ್ತರ ಸುಮಾರು 176 ಸೆಂಟಿಮೀಟರ್. ಸೆಂಟರ್ ಆಡುವ ನಾಯಕಿ ತಕಾದಾ ಮಾಕಿ 185. ಅವರು ಮುಂದೆ ತಡೆಯಬೇಕಾಗಿದ್ದ ಅಮೆರಿಕದ ಬ್ರಿಟ್ನಿ ಗ್ರೈನರ್ 206.

ಇಲ್ಲೊಂದು ಪ್ರಶ್ನೆ ಬರುತ್ತದೆ. ತೊಕಾಶಿಕಿ ಇದ್ದಿದ್ದರೆ ಐದೂ ಜನ ಹೊರಗೆ ನಿಲ್ಲುವ ಆಟವನ್ನು ಹೊವಾಸ್ ಅಷ್ಟು ಪಟ್ಟು ಹಿಡಿದು ಆಡಿಸುತ್ತಿದ್ದರಾ? 193 ಸೆಂಟಿಮೀಟರ್ ಪಕ್ಕದಲ್ಲಿದ್ದರೆ ಯಾರಿಗಾದರೂ ಒಳಗೆ ಚೆಂಡು ಕೊಡುವ ಆಸೆ ಬರುತ್ತದೆ. ಆಯ್ಕೆ ಇಲ್ಲದಿದ್ದದ್ದೇ ತಂಡಕ್ಕೆ ಒಳ್ಳೆಯದಾಯಿತೇನೋ ಅಂತ ನನಗೆ ಗುಮಾನಿ.

ಟೋಕಿಯೊದಲ್ಲಿ ಮೊದಲ ಪಂದ್ಯ ಫ್ರಾನ್ಸ್ ಮೇಲೆ, 74-70 ಗೆಲುವು. ಅಮೆರಿಕ ಎದುರು 86-69ರಲ್ಲಿ ಸೋಲು. ನೈಜೀರಿಯಾ ಮೇಲೆ 102-83. ಆಮೇಲೆ ಆಗಸ್ಟ್ 4ರಂದು ಸೈತಾಮಾದಲ್ಲಿ ಬೆಲ್ಜಿಯಂ ಎದುರು ಕ್ವಾರ್ಟರ್ ಫೈನಲ್.

ಮೂರನೇ ಕ್ವಾರ್ಟರ್‌ನಲ್ಲಿ ಜಪಾನ್ ಹತ್ತಕ್ಕೂ ಹೆಚ್ಚು ಅಂಕ ಹಿಂದೆ ಬಿದ್ದಿತ್ತು. ಕಚ್ಚಿಕೊಂಡು ಹತ್ತಿರ ಬಂದರು. ಕೊನೆಯ ಅರ್ಧ ನಿಮಿಷ. ಬೆಲ್ಜಿಯಂ 85, ಜಪಾನ್ 83. ಚೆಂಡು ಹಯಾಶಿ ಸಾಕಿ ಕೈಗೆ ಬಂತು. 173 ಸೆಂಟಿಮೀಟರ್‌ನ ಶೂಟರ್, ಗೆರೆಯ ಹೊರಗೆ. ಎರಡು ಅಂಕ ಹಾಕಿ ಸಮ ಮಾಡಿಕೊಂಡು ಓವರ್‌ಟೈಮ್‌ಗೆ ಒಯ್ಯಬಹುದಿತ್ತು, ಬಹಳ ತಂಡಗಳು ಅದನ್ನೇ ಮಾಡುತ್ತವೆ. ಹಯಾಶಿ ತ್ರೀ ಹೊಡೆದರು. ಹೋಯಿತು. ಗಡಿಯಾರದಲ್ಲಿ ಉಳಿದದ್ದು ಹದಿನೈದು ಸೆಕೆಂಡು ಚಿಲ್ಲರೆ. ಬೆಲ್ಜಿಯಂನ ಕೊನೆಯ ಶಾಟ್ ತಪ್ಪಿತು. 86-85. ಕೊನೆಯ ಗಳಿಗೆಯಲ್ಲೂ ಹಯಾಶಿಗೆ ಯೋಚಿಸುವ ಕೆಲಸ ಇರಲಿಲ್ಲ. ಖಾಲಿ ಸಿಕ್ಕರೆ ಹೊಡೆಯಬೇಕು ಅಂತ ನಾಲ್ಕು ವರ್ಷ ಹೇಳಿಸಿಕೊಂಡಿದ್ದರು, ಅಷ್ಟೇ.

ಸೆಮಿಫೈನಲ್‌ನಲ್ಲಿ ಮತ್ತೆ ಫ್ರಾನ್ಸ್. ಅಲ್ಲಿ ಮಚಿದಾ. 162 ಸೆಂಟಿಮೀಟರ್. ಫ್ರೆಂಚ್ ಆಟಗಾರ್ತಿಯರ ಕೈಗಳ ಕೆಳಗೆ ತೂರಿಕೊಂಡು ಹೋಗಿ, ಶಾಟ್ ಹೊಡೆಯುವ ಹಾಗೆ ಮೇಲೆ ಹಾರಿ, ಗಾಳಿಯಲ್ಲಿದ್ದಾಗ ಮೂಲೆಯಲ್ಲಿರುವವಳಿಗೆ ಚೆಂಡು ತಳ್ಳುತ್ತಿದ್ದರು. ಅವರು ಅಂಕ ಹಾಕಲು ಹೋಗುವುದೇ ಇಲ್ಲ ಅಂತ ಗೊತ್ತಿದ್ದರೂ ಡಿಫೆಂಡರ್ ಅವರ ಕಡೆ ಒಂದು ಹೆಜ್ಜೆ ಇಡುತ್ತಿದ್ದಳು, ಆ ಒಂದು ಹೆಜ್ಜೆ ಸಾಕಾಗುತ್ತಿತ್ತು. 18 ಅಸಿಸ್ಟ್ (ಅಂಕಕ್ಕೆ ದಾರಿ ಮಾಡಿಕೊಟ್ಟ ಪಾಸ್), ಒಲಿಂಪಿಕ್ಸ್‌ನ ಒಂದು ಪಂದ್ಯದ ದಾಖಲೆ. ಜಪಾನ್ 87, ಫ್ರಾನ್ಸ್ 71.

ಫೈನಲ್‌ನಲ್ಲಿ ಎದುರಾಳಿ ಅಮೆರಿಕ. 2017ರಲ್ಲಿ ಹೇಳಿದ್ದ ಮಾತಿನಲ್ಲಿ ಅರ್ಧ ನಿಜವಾಗಿತ್ತು. ಇನ್ನರ್ಧ ಆಗಲಿಲ್ಲ, 90-75. ಗ್ರೈನರ್ ಒಬ್ಬರೇ 30 ಅಂಕ ಹಾಕಿದರು. ದೂರದ ಶಾಟ್‌ಗಳು ಆ ದಿನ ಸರಿಯಾಗಿ ಹೋಗಲಿಲ್ಲ. ಅವು ಹೋಗದ ದಿನ ಈ ತಂಡದ ಬಳಿ ಬೇರೆ ದಾರಿ ಇರಲಿಲ್ಲ. ಆದರೂ ಜಪಾನಿನ ಬಾಸ್ಕೆಟ್‌ಬಾಲ್‌ಗೆ, ಗಂಡಸರು ಹೆಂಗಸರು ಸೇರಿ, ಅದೇ ಮೊದಲ ಒಲಿಂಪಿಕ್ಸ್ ಪದಕ. ನಮ್ಮಲ್ಲಿ ಸೂಪರ್‌ಸ್ಟಾರ್ ಇಲ್ಲ, ಆದರೆ ನಮ್ಮದು ಸೂಪರ್ ಟೀಮ್ ಅಂತ ಹೊವಾಸ್ ಹೇಳಿದ್ದು ಆಗಲೇ. ಜಪಾನಿನಲ್ಲಿ ಅದು ಎಲ್ಲರ ಬಾಯಲ್ಲೂ ಓಡಾಡಿತು. ಆ ಮಾತನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಮೂರು ವರ್ಷದ ನಂತರ ಅದೇ ಮಾತು ತಿರುಗಿ ಬರುತ್ತದೆ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪುರುಷರ ತಂಡವನ್ನು ಅವರ ಕೈಗೆ ಕೊಟ್ಟರು. ಆ ತಂಡದ ಸ್ಥಿತಿ ಹೇಳಬೇಕಾ? 2019ರ ವಿಶ್ವಕಪ್‌ನಲ್ಲಿ ಐದು ಪಂದ್ಯ, ಐದೂ ಸೋಲು. ಟೋಕಿಯೊದಲ್ಲಿ ಮೂರಕ್ಕೆ ಮೂರೂ ಸೋಲು. ಆತಿಥೇಯರಲ್ಲದೆ ತಮ್ಮ ಬಲದಿಂದ ಒಲಿಂಪಿಕ್ಸ್‌ಗೆ ಹೋಗಿದ್ದು ಕೊನೆಗೆ 1976ರಲ್ಲಿ. ಹೊವಾಸ್ ಬಂದ ಮೇಲಾದರೂ ತಕ್ಷಣ ಏನೂ ಬದಲಾಗಲಿಲ್ಲ. ನವೆಂಬರ್‌ನಲ್ಲಿ ಸೆಂದೈಯಲ್ಲಿ ಚೀನಾ ಎದುರು ಎರಡು ದಿನದಲ್ಲಿ ಎರಡು ಸೋಲು, ಎರಡನೆಯದು ಮೂವತ್ತಕ್ಕೂ ಹೆಚ್ಚು ಅಂಕದಿಂದ.

ಎರಡು ವರ್ಷ ಕಳೆದು 2023ರ ವಿಶ್ವಕಪ್ ಬಂತು, ಜಪಾನಿನ ಪಂದ್ಯಗಳು ಓಕಿನಾವಾದಲ್ಲಿ. ಏಷ್ಯಾದ ತಂಡಗಳಲ್ಲಿ ಮೇಲೆ ನಿಂತವರಿಗೆ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್. ಮೊದಲ ಪಂದ್ಯದಲ್ಲಿ ಜರ್ಮನಿ (ಆ ಸಲ ಕಪ್ ಗೆದ್ದವರು ಅವರೇ) 81-63ರಲ್ಲಿ ಸೋಲಿಸಿತು. ಜಪಾನ್ ಹೊಡೆದ ತ್ರೀ 35, ಹೋದದ್ದು 6. ಬೇರೆ ಕೋಚ್ ಆಗಿದ್ದರೆ ಮುಂದಿನ ಪಂದ್ಯಕ್ಕೆ ಸ್ವಲ್ಪ ಕಡಿಮೆ ಮಾಡ್ರಪ್ಪ ಅಂದಿರುತ್ತಿದ್ದರು. ಇವರು ಬಿಡಲಿಲ್ಲ.

ಮುಂದಿನ ಪಂದ್ಯ ಫಿನ್ಲೆಂಡ್ ವಿರುದ್ಧ. ಎನ್‌ಬಿಎ ಆಟಗಾರ ಲೌರಿ ಮಾರ್ಕನೆನ್ ಇದ್ದ ತಂಡ ಅದು. ಜಪಾನ್ ಒಂದು ಹಂತದಲ್ಲಿ 18 ಅಂಕ ಹಿಂದೆ. ಕೊನೆಯ ಕ್ವಾರ್ಟರ್ ಶುರುವಾದಾಗ 10 ಅಂಕ ಹಿಂದೆ. ಆಗ ಚೆಂಡು 172 ಸೆಂಟಿಮೀಟರ್‌ನ, 22 ವರ್ಷದ ಕವಾಮುರಾ ಯೂಕಿ ಕೈಯಲ್ಲಿತ್ತು. ನೋಡಿ, ಮತ್ತೆ ಅದೇ ಜಾಗ, ನಾಲ್ಕನೇ ಆಳು! ಮುಂದಿನ ಹತ್ತು ನಿಮಿಷದಲ್ಲಿ ಜಪಾನ್ 35 ಅಂಕ ಹಾಕಿತು. 98-88. ವಿಶ್ವಕಪ್ ಇತಿಹಾಸದಲ್ಲಿ ಯೂರೋಪಿನ ತಂಡವೊಂದರ ಮೇಲೆ ಜಪಾನ್ ಪುರುಷರ ಮೊದಲ ಗೆಲುವು. ಕವಾಮುರಾ 25 ಅಂಕ. ಅಮೆರಿಕದಲ್ಲಿ ಹುಟ್ಟಿ ಜಪಾನ್ ಪೌರತ್ವ ಪಡೆದ ಜೋಶ್ ಹಾಕಿನ್ಸನ್ 28 ಅಂಕ, 19 ರಿಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿದದ್ದು).

ವೆನಿಜುವೆಲಾ ಮೇಲೆ ಕೂಡ ಇದೇ ಕಥೆ. ಕೊನೆಯ ಕ್ವಾರ್ಟರ್‌ನಲ್ಲಿ 15 ಅಂಕ ಹಿಂದೆ ಇದ್ದವರನ್ನು ಮೇಲೆತ್ತಿದ್ದು 33 ವರ್ಷದ ಹಿಎಜಿಮಾ ಮಾಕೊತೊ. ಸೋತ ಕಾಲವನ್ನೆಲ್ಲ ಕಂಡವರು ಅವರು, ಬಹಳ ನಾಚಿಕೆಯ ಮನುಷ್ಯ. 23 ಅಂಕ ಹಾಕಿದರು, ಹೆಚ್ಚಿನವು ಆ ಕೊನೆಯ ಕ್ವಾರ್ಟರ್‌ನಲ್ಲೇ. 86-77. ಕೇಪ್ ವರ್ಡೆ ಮೇಲೆ 80-71. ಜಪಾನ್ ಪ್ಯಾರಿಸ್‌ಗೆ ಹೋಯಿತು, 48 ವರ್ಷದ ನಂತರ ತನ್ನ ಕಾಲ ಮೇಲೆ ನಿಂತು.

ಓಕಿನಾವಾದ ತಂಡದಲ್ಲಿ ಹಚಿಮುರಾ ರುಯಿ ಇರಲಿಲ್ಲ. 203 ಸೆಂಟಿಮೀಟರ್, ಎನ್‌ಬಿಎಯ ಲಾಸ್ ಏಂಜಲಿಸ್ ಲೇಕರ್ಸ್ ಆಟಗಾರ, ಜಪಾನಿನ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಹೆಸರು. ಅವರು ಪ್ಯಾರಿಸ್‌ಗೆ ಬಂದರು.

2024ರ ಜುಲೈ 30ರಂದು ಲೀಲ್ ನಗರದಲ್ಲಿ ಫ್ರಾನ್ಸ್ ಎದುರು ಏನಾಯಿತು ಅನ್ನುವುದನ್ನು ನೋಡಿದವರು ಮರೆತಿರಲಿಕ್ಕಿಲ್ಲ. ಹಚಿಮುರಾ 24 ಅಂಕ ಹಾಕಿದ್ದರು. ಕೊನೆಯ ಕ್ವಾರ್ಟರ್‌ನ ಆರಂಭದಲ್ಲೇ ಎರಡನೇ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ ಬಿದ್ದು ಹೊರಗೆ ಹೋದರು. ಅವರಿಲ್ಲದೆಯೂ, ಫ್ರಾನ್ಸ್‌ನ ದೈತ್ಯ ಎತ್ತರದ ಎನ್‌ಬಿಎ ಆಟಗಾರ ವೆಂಬನ್ಯಾಮಾ ಎದುರಿಗಿದ್ದರೂ, ಜಪಾನ್ ಕೊನೆಯ ಹದಿನಾರು ಸೆಕೆಂಡಿಗೆ ನಾಲ್ಕು ಅಂಕ ಮುಂದಿತ್ತು. ಆಗ ಫ್ರಾನ್ಸ್‌ನ ಮ್ಯಾಥ್ಯೂ ಸ್ಟ್ರಾಜೆಲ್ ತ್ರೀ ಹೊಡೆದರು, ತಡೆಯಲು ಹೋದ ಕವಾಮುರಾ ಮೇಲೆ ಫೌಲ್ ಕರೆದರು, ಚೆಂಡೂ ಒಳಗೆ ಹೋಯಿತು. ತಾಗಿತ್ತಾ ಇಲ್ಲವಾ ಅನ್ನುವ ಜಗಳ ಆಮೇಲೂ ನಡೆಯಿತು. ಫ್ರೀ ಥ್ರೋ ಸೇರಿ ನಾಲ್ಕು ಅಂಕ, ಸ್ಕೋರ್ ಸಮ. ಓವರ್‌ಟೈಮ್‌ನಲ್ಲಿ ಫ್ರಾನ್ಸ್ 94-90. ಕವಾಮುರಾ 29 ಅಂಕ. ಕೊನೆಗೆ ಪ್ಯಾರಿಸ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಫ್ರಾನ್ಸ್ ಬೆಳ್ಳಿ ಗೆದ್ದಿತು.

ಒಲಿಂಪಿಕ್ಸ್ ಆದ ಮೇಲೆ ಜಪಾನ್ ಬಾಸ್ಕೆಟ್‌ಬಾಲ್ ಸಂಸ್ಥೆ ಹೊವಾಸ್ ಅವರನ್ನೇ ಮುಂದುವರಿಸಿತು. ನವೆಂಬರ್‌ನಲ್ಲಿ ಹಚಿಮುರಾ ಬಾಯಿ ಬಿಟ್ಟರು. ಸಂಸ್ಥೆ ಆಟಗಾರರಿಗಿಂತ ದುಡ್ಡಿಗೆ ಬೆಲೆ ಕೊಡುತ್ತಿದೆ ಅಂದರು. ಪುರುಷರ ತಂಡಕ್ಕೆ ಪುರುಷರ ಆಟ, ವಿಶ್ವಮಟ್ಟದ ಪ್ರೊ ಆಟ ಗೊತ್ತಿರುವ ಕೋಚ್ ಬೇಕು ಅನ್ನುವ ಅರ್ಥದ ಮಾತನ್ನೂ ಆಡಿದರು. ಜಪಾನಿನಲ್ಲಿ ಸ್ಟಾರ್ ಆಟಗಾರ ಹೀಗೆ ಬಹಿರಂಗವಾಗಿ ಕೋಚ್ ಬಗ್ಗೆ ಮಾತಾಡುವುದು ತೀರಾ ಅಪರೂಪ. ಗದ್ದಲ ಆಗದೆ ಇರುತ್ತದಾ?

ನನಗೆ ಇಬ್ಬರಲ್ಲಿ ಯಾರನ್ನೂ ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. ಹೊವಾಸ್ ಪದ್ಧತಿಯಲ್ಲಿ ಮೊದಲು ಜಾಗ, ಆಮೇಲೆ ಆಳು. ಕ್ಯಾಂಪ್‌ನಲ್ಲಿ ತಿಂಗಳುಗಟ್ಟಲೆ ಕೂತು ಆ ಜಾಗದ ಅಳತೆಗೆ ತಮ್ಮನ್ನು ಕತ್ತರಿಸಿಕೊಳ್ಳುವವರಿಗೆ ಅದು ಹೇಳಿ ಮಾಡಿಸಿದ್ದು. ಎನ್‌ಬಿಎ ಸೀಸನ್ ಮುಗಿಸಿ ಕೆಲವೇ ವಾರ ಮುಂಚೆ ಬರುವ, ಜಗತ್ತಿನ ಯಾವ ತಂಡದಲ್ಲೂ ಆಡಬಲ್ಲ ಆಟಗಾರನಿಗೆ ತಂಡವೇ ತನ್ನ ಸುತ್ತ ಸ್ವಲ್ಪ ಬಾಗಲಿ ಅನ್ನಿಸಿದರೆ ಅದು ಅಹಂಕಾರವೇ ಆಗಬೇಕಿಲ್ಲ. ಸೂಪರ್‌ಸ್ಟಾರ್ ಇಲ್ಲ ಅನ್ನುವ ಮಾತಿನ ಮೇಲೆ ಕಟ್ಟಿದ ಮನೆಗೆ ಸೂಪರ್‌ಸ್ಟಾರ್ ಬಂದರೆ ಎಲ್ಲಿ ಕೂರಿಸುವುದು? ಟೋಕಿಯೊದಲ್ಲಿ ತೊಕಾಶಿಕಿ ಗಾಯದಿಂದ ಏಳದೇ ಹೋದದ್ದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಸಂಗವೇ ಬರಲಿಲ್ಲ. ಪ್ಯಾರಿಸ್‌ನಲ್ಲಿ ಬಂತು.

ಆದರೆ ಪ್ರೊ ಆಟ ಗೊತ್ತಿಲ್ಲ ಅನ್ನುವ ಭಾಗ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಹೊವಾಸ್‌ಗೆ ಅದರ ಮೇಲ್ಮಹಡಿ ಗೊತ್ತಿಲ್ಲದಿರಬಹುದು. ಬಾಗಿಲು ಎಷ್ಟು ಕಿರಿದು ಅನ್ನುವುದಂತೂ ಅವರಿಗೆ ಗೊತ್ತು. ಮಚಿದಾ 2022ರಲ್ಲಿ ಅಮೆರಿಕಕ್ಕೆ ಹೋಗಿ ಮಹಿಳೆಯರ ಲೀಗ್ ಡಬ್ಲ್ಯೂಎನ್‌ಬಿಎಯ ವಾಷಿಂಗ್ಟನ್ ಮಿಸ್ಟಿಕ್ಸ್ ಪರ ಆಡಿದರು, 162 ಸೆಂಟಿಮೀಟರ್‌ನಲ್ಲೇ. ಪ್ಯಾರಿಸ್ ಆದ ಕೆಲವೇ ತಿಂಗಳಲ್ಲಿ ಕವಾಮುರಾ ಎನ್‌ಬಿಎಯ ಮೆಂಫಿಸ್ ಗ್ರಿಜ್ಲೀಸ್ ಅಂಗಿ ತೊಟ್ಟರು. ಹೆಚ್ಚಾಗಿ ಬೆಂಚ್, ಪಂದ್ಯ ಗೆದ್ದಾಯಿತು ಅಂತ ಖಾತ್ರಿಯಾದ ಮೇಲೆ ಕೊನೆಗೆ ಒಂದೆರಡು ನಿಮಿಷ. ಮೆಂಫಿಸ್ ಜನ ಅವರ ಹೆಸರು ಕೂಗಿ ಒಳಗೆ ಬಿಡಿ ಅಂತ ಗಲಾಟೆ ಮಾಡುತ್ತಿದ್ದರು. ಹಾಗೆ ಚೂರು ಚೂರಾಗಿ ಸಿಕ್ಕ ನಿಮಿಷಗಳನ್ನೇ ಕೂಡಿಸಿದರೂ, ಮೊದಲ ಸೀಸನ್‌ನಲ್ಲೇ ಅವು ಅವರ ಕೋಚ್‌ನ ನಾಲ್ಕು ನಿಮಿಷವನ್ನು ಯಾವಾಗಲೋ ದಾಟಿದ್ದವು.